ಏಪ್ರಿಲ್‌ನಲ್ಲಿ ಬೀವರ್‌ಕಿಲ್: ಮೊದಲು ನೀರಿನ ಬಿಸಿ ನೋಡಿ, ಫ್ಲೈ ಆಮೇಲೆ

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ಕಡೆಯವನು, ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದೀನಿ. ತುಂಗೆಯಲ್ಲಿ ಗಾಳ ಹಾಕಿ ಬೆಳೆದವನು, ಎರಡು ವರ್ಷದಿಂದ ಫ್ಲೈ ಫಿಶಿಂಗ್ (ಗರಿ, ದಾರ ಸುತ್ತಿ ಕಟ್ಟಿದ ನಕಲಿ ಹುಳ, ಅಂದ್ರೆ ಫ್ಲೈ, ಹಾಕಿ ಮೀನು ಹಿಡಿಯೋದು) ಕಲೀತಿದೀನಿ. ಹೋದ ವರ್ಷ ಏಪ್ರಿಲ್ ಮೊದಲ ಶನಿವಾರ ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ಸ್ ಬೆಟ್ಟದ ಬೀವರ್‌ಕಿಲ್ ಹೊಳೆಗೆ ಬೆಳಗ್ಗೆ ಆರಕ್ಕೇ ಹೋಗಿ ಹನ್ನೊಂದೂವರೆ ತನಕ ನಿಂತೆ. ರಾಡ್‌ನ ಉಂಗುರದಲ್ಲೆಲ್ಲ ಐಸ್ ಕಟ್ಕೊಂಡಿತ್ತು, ಅಂಗಡಿಯಲ್ಲಿ ತಗೊಂಡ ಎರಡು ಡಜನ್ ಫ್ಲೈ ಬದಲಾಯಿಸಿ ಬದಲಾಯಿಸಿ ಹಾಕಿದ್ರೂ ಒಂದೂ ಮೀನು ಮುಟ್ಲಿಲ್ಲ. ಈ ಸಲ ಯಾವಾಗ ಹೋಗ್ಲಿ, ಯಾವ ಫ್ಲೈ ಹಾಕ್ಲಿ, ನೀರು ಜಾಸ್ತಿ ಇದ್ರೆ ಏನ್ ಮಾಡ್ಲಿ? ಹತ್ತು ವರ್ಷದ ಮಗಳು ನಾನೂ ಬರ್ತೀನಿ ಅಂತಿದಾಳೆ, ಕರ್ಕೊಂಡು ಹೋಗಬಹುದಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ ನೋಡಿ, ಉಂಗುರದಲ್ಲಿ ಐಸ್ ಕಟ್ಟಿತ್ತು ಅಂದ್ರಲ್ಲ, ಅಲ್ಲೇ. ಆ ದಿನ ಬೆಳಗ್ಗೆ ಆ ಹೊಳೆಯ ನೀರು ಹೆಚ್ಚು ಅಂದ್ರೆ 38-39 ಡಿಗ್ರಿ ಫ್ಯಾರನ್‌ಹೀಟ್ ಇದ್ದಿರಬೇಕು, ಸೆಲ್ಸಿಯಸ್ ಲೆಕ್ಕದಲ್ಲಿ ನಾಲ್ಕು ಡಿಗ್ರಿಯ ಹತ್ರ. ಅಂಥ ನೀರಲ್ಲಿ ಟ್ರೌಟ್ ಅನ್ನೋ ಮೀನು ತಳದ ಕಲ್ಲಿನ ಮರೆಯಲ್ಲಿ, ಹರಿವು ಇಲ್ಲದ ಕಡೆ ಸುಮ್ನೆ ಕೂತಿರುತ್ತೆ. ಅದು ಶೀತರಕ್ತ ಪ್ರಾಣಿ, ನೀರು ಎಷ್ಟು ತಣ್ಣಗಿದ್ಯೋ ಅದರ ಮೈಯೂ ಅಷ್ಟೇ ತಣ್ಣಗೆ, ಹೊಟ್ಟೆಯಲ್ಲಿರೋದು ಜೀರ್ಣ ಆಗೋದೂ ನಿಧಾನ, ಹಸಿವೂ ಕಮ್ಮಿ. ನೀವು ಎರಡು ಡಜನ್ ಬದಲು ಇನ್ನೂರು ಫ್ಲೈ ಬದಲಾಯಿಸಿದ್ರೂ ಅದು ಎದ್ದು ಬರ್ತಿರ್ಲಿಲ್ಲ. ಬೇಜಾರಿನ ವಿಷಯ ಏನಂದ್ರೆ ನೀವು ಹೊರಟಿದ್ದು ಹನ್ನೊಂದೂವರೆಗೆ, ಆ ದಿನ ಏನಾದ್ರೂ ಆಗೋದಿದ್ರೆ ಅದು ಶುರುವಾಗೋದೇ ಮಧ್ಯಾಹ್ನ ಒಂದು ಗಂಟೆ ಮೇಲೆ.

ನಮ್ಮೂರ ಕಡೆ ಬೆಳೆದವರೆಲ್ಲರಿಗೂ ಇರೋ ಅಭ್ಯಾಸ ಇದು, ಮೀನು ಹಿಡಿಯೋದು ಅಂದ್ರೆ ನಸುಕಲ್ಲೇ ಹೋಗ್ಬೇಕು ಅಂತ. ಅಲ್ಲಿ ಅದು ಸರಿ, ಅಲ್ಲಿ ನೀರು ಬೆಚ್ಚಗಿರುತ್ತೆ, ಬಿಸಿಲೇರಿದ ಮೇಲೆ ಮೀನು ಆಳಕ್ಕೆ ಹೋಗುತ್ತೆ, ಹಾಗಾಗಿ ಬೆಳಗು ಮತ್ತು ಸಂಜೆ ಒಳ್ಳೇದು. ಇಲ್ಲಿ ಏಪ್ರಿಲ್‌ನಲ್ಲಿ ಲೆಕ್ಕ ಪೂರ್ತಿ ತಲೆಕೆಳಗು. ರಾತ್ರಿ ಹಿಮ ಬೀಳೋಷ್ಟು ಚಳಿ, ಬೆಳಗ್ಗೆ ಏಳು ಗಂಟೆಗೆ ನೀರು ಇಡೀ ದಿನದಲ್ಲೇ ಅತಿ ತಣ್ಣಗಿರೋ ಹೊತ್ತು, ಆಮೇಲೆ ಬಿಸಿಲು ಬಿದ್ದು ಮಧ್ಯಾಹ್ನ ಮೂರರ ಸುಮಾರಿಗೆ ಐದಾರು ಡಿಗ್ರಿ ಏರುತ್ತೆ, ಆ ಐದಾರು ಡಿಗ್ರಿಯಲ್ಲೇ ಇರೋದು ಎಲ್ಲಾ ಆಟ. ಜೂನ್ ಕೊನೆಗೆ ಬಂದ್ರೆ ಮತ್ತೆ ನಮ್ಮೂರ ಲೆಕ್ಕವೇ ಸರಿಹೋಗುತ್ತೆ, ಬೆಳಗ್ಗೆ ಬೇಗ ಅಥವಾ ಕತ್ತಲಾಗೋ ಹೊತ್ತಿಗೆ. ಆದ್ರೆ ವಸಂತದಲ್ಲಿ ಅಲ್ಲ.

ಹಾಗಾಗಿ ನೀವು ಮೊದಲು ತಗೋಬೇಕಾದ್ದು ಫ್ಲೈ ಅಲ್ಲ, ಒಂದು ಥರ್ಮಾಮೀಟರ್. ಹೊಳೆಗೇ ಅಂತ ಮಾಡಿರೋ ಸಣ್ಣದು ಸಿಗುತ್ತೆ, ಲೋಹದ ಕವಚ ಇರುತ್ತೆ, ಒಂದು ದಾರ ಕಟ್ಟಿ ವೇಡರ್‌ಗೆ (ಹೊಳೆಗೆ ಇಳಿಯೋಕೆ ಹಾಕ್ಕೊಳ್ಳೋ, ನೀರು ಒಳಗೆ ಬಿಡದ ಪ್ಯಾಂಟು) ನೇತುಹಾಕ್ಕೊಳ್ಳಿ. ಅಳೆಯೋದಕ್ಕೂ ಒಂದು ರೀತಿ ಇದೆ, ದಡದ ಪಕ್ಕ ಬಿಸಿಲಲ್ಲಿ ನಿಂತ ನೀರಿಗೆ ಹಾಕಿದ್ರೆ ಸುಳ್ಳು ಲೆಕ್ಕ ಕೊಡುತ್ತೆ, ಹರಿಯೋ ನೀರಿಗೆ ಮೊಣಕೈ ತನಕ ಕೈ ಇಳಿಸಿ, ನಿಮ್ಮ ನೆರಳು ಅದರ ಮೇಲೆ ಬೀಳೋ ಹಾಗೆ ನಿಂತು, ಒಂದು ನಿಮಿಷ ಪೂರ್ತಿ ಹಿಡೀಬೇಕು. ಹೋದ ತಕ್ಷಣ ಒಂದ್ಸಲ, ಆಮೇಲೆ ಗಂಟೆಗೊಂದ್ಸಲ. ಕೈ ಮರಗಟ್ಟುತ್ತೆ, ಪರವಾಗಿಲ್ಲ, ಹಿಡೀರಿ.

ನಾನು ಬಳಸೋ ಲೆಕ್ಕ ಹೇಳ್ತೀನಿ, ಎಲ್ಲಾ ಫ್ಯಾರನ್‌ಹೀಟ್‌ನಲ್ಲಿ. 40ಕ್ಕಿಂತ ಕೆಳಗಿದ್ರೆ ಕಾರಲ್ಲಿ ಕೂತು ಕಾಫಿ ಕುಡೀತೀನಿ, ಹೊಳೆಗೆ ಇಳಿಯೋದೇ ಇಲ್ಲ. 40ರಿಂದ 45ರ ಮಧ್ಯೆ ನಿಂಫ್ (ನೀರೊಳಗೆ ಬೆಳೆಯೋ ಮರಿಹುಳದ ಹಾಗೆ ಕಟ್ಟಿದ, ಮುಳುಗೋ ಫ್ಲೈ) ಹಾಕಿ ತಳ ಮುಟ್ಟಿಸ್ತೀನಿ, ಸಿಕ್ರೆ ಒಂದೋ ಎರಡೋ. 45 ದಾಟಿದ್ರೆ ಹುಳ ಕಾಣೋಕೆ ಶುರು. ಮಧ್ಯಾಹ್ನದ ಹೊತ್ತಲ್ಲಿ 50 ಮುಟ್ಟೋದು ಸತತವಾಗಿ ಮೂರ್ನಾಲ್ಕು ದಿನ ಆದ್ರೆ, ಆಫೀಸಿಗೆ ರಜ ಹಾಕೋ ಸಮಯ ಬಂತು ಅಂತ ಅರ್ಥ. 55ರಿಂದ 62 ಬ್ರೌನ್ ಟ್ರೌಟ್ ಹೊಟ್ಟೆ ತುಂಬಾ ತಿನ್ನೋ ಬಿಸಿ. 68 ಆಯ್ತಾ, ಗಾಳ ಸುತ್ತಿ ಮನೆಗೆ ಹೋಗಿ, ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ ಇರುತ್ತೆ, ಹಿಡಿದು ಬಿಟ್ಟ ಮೀನು ಈಜ್ಕೊಂಡು ಹೋದ ಹಾಗೆ ಕಂಡ್ರೂ ಆಮೇಲೆ ಸಾಯುತ್ತೆ. ಈ ಒಂದು ವಿಷಯದಲ್ಲಿ ದಯವಿಟ್ಟು ಯಾರ ಮಾತೂ ಕೇಳ್ಬೇಡಿ, 68 ಅಂದ್ರೆ ನಿಲ್ಲಿಸಿ.

ಇದರಲ್ಲಿ ಒಂದು ಮೋಸ ಇದೆ, ತುಂಬಾ ಜನ ಬೀಳೋದು ಇಲ್ಲೇ. ಏಪ್ರಿಲ್ ಮೊದಲ ಎರಡು ವಾರದಲ್ಲಿ ಒಂದು ದಿನ ಇದ್ದಕ್ಕಿದ್ದ ಹಾಗೆ 70 ಡಿಗ್ರಿ ಬಿಸಿಲು ಬರುತ್ತೆ, ಎಲ್ರೂ ಟೀ ಶರ್ಟ್ ಹಾಕ್ಕೊಂಡು ಹೊಳೆಗೆ ಓಡ್ತಾರೆ, ಹೋಗಿ ನೋಡಿದ್ರೆ ನೀರು ನಿನ್ನೆಗಿಂತ ತಣ್ಣಗಿರುತ್ತೆ. ಯಾಕಂದ್ರೆ ಮೇಲೆ ಕ್ಯಾಟ್ಸ್‌ಕಿಲ್ ಬೆಟ್ಟದ ಉತ್ತರದ ಇಳಿಜಾರಲ್ಲಿ, ಕಾಡಿನ ನೆರಳಲ್ಲಿ ಇನ್ನೂ ಹಿಮ ಇರುತ್ತೆ, ಆ ಬಿಸಿಲಿಗೆ ಅದೆಲ್ಲ ಒಟ್ಟಿಗೆ ಕರಗಿ ಹೊಳೆಗೆ ಬರುತ್ತೆ, ನೀರೂ ಏರುತ್ತೆ, ಬಿಸಿಯೂ ಇಳಿಯುತ್ತೆ. ಹಿಮ ಪೂರ್ತಿ ಹೋದ ಮೇಲೆ ಅದೇ ಬಿಸಿಲು ನಿಮ್ಮ ಪಾಲಿಗೆ ದೇವರು. ಅದಕ್ಕೇ ಗಾಳಿಯ ಬಿಸಿ ಹೇಳೋ ಆಪ್ ನೋಡಿ ಹೊರಡೋದು ಬೇಡ ಅನ್ನೋದು.

ನೀವು ತೀರ್ಥಹಳ್ಳಿಯವರಾದ್ರಿಂದ ಇದು ನಿಮಗೆ ಬೇರೆಯವರಿಗಿಂತ ಬೇಗ ಅರ್ಥ ಆಗ್ಬೇಕು. ಹತ್ತುಮೀನಿನ ಕಾಲ ನೆನಪಿದ್ಯಲ್ಲ? ಇಂಥ ತಾರೀಕಿಗೆ ಮೀನು ಹತ್ತುತ್ತೆ ಅಂತ ಯಾರೂ ಹೇಳ್ತಿರ್ಲಿಲ್ಲ. ಮುಂಗಾರು ಹಿಡಿದು, ಗದ್ದೆಯಲ್ಲಿ ನೀರು ನಿಂತು, ಹಳ್ಳಕ್ಕೆ ಕೆಂಪು ನೀರು ಇಳಿದ ರಾತ್ರಿ ಹೊಳೆಯ ಮೀನು ಹಳ್ಳ ಹತ್ಕೊಂಡು ಗದ್ದೆಗೆ ಬರೋದು, ಒಂದು ವರ್ಷ ಜೂನ್ ಮೊದಲ ವಾರ, ಇನ್ನೊಂದು ವರ್ಷ ಎರಡು ವಾರ ತಡ. ಅಜ್ಜಂದಿರು ಅಂಗಳದಲ್ಲಿ ನಿಂತು ಮಳೆ ಸದ್ದು ಕೇಳಿ ಇವತ್ತು ಹತ್ತುತ್ತೆ ಅಂತ ಹೇಳೋರು. ಬೀವರ್‌ಕಿಲ್‌ನಲ್ಲೂ ಅಷ್ಟೇ, ಕ್ಯಾಲೆಂಡರ್ ಪಕ್ಕಕ್ಕಿಡಿ, ನೀರು ಹೇಳಿದ್ದು ಕೇಳಿ. ಅಂದ ಹಾಗೆ ಕಿಲ್ ಅನ್ನೋ ಪದಕ್ಕೂ ಕೊಲ್ಲೋದಕ್ಕೂ ಸಂಬಂಧ ಇಲ್ಲ, ಅಲ್ಲಿ ಮೊದಲು ನೆಲೆಸಿದ ಡಚ್ಚರ ಭಾಷೆಯಲ್ಲಿ ಕಿಲ್ ಅಂದ್ರೆ ಹಳ್ಳ.

ಈಗ ನೀರಿನ ಮಟ್ಟಕ್ಕೆ ಬರೋಣ. ಬೀವರ್‌ಕಿಲ್ ಮೇಲೆ ಕುಕ್ಸ್ ಫಾಲ್ಸ್ ಅನ್ನೋ ಊರಲ್ಲಿ ಸರ್ಕಾರದ ಭೂವಿಜ್ಞಾನ ಇಲಾಖೆಯ ಗೇಜ್ ಇದೆ, ಯುಎಸ್‌ಜಿಎಸ್ ಅಂತಾರೆ, ಅದರ ಲೆಕ್ಕ ಫೋನಲ್ಲೇ ಸಿಗುತ್ತೆ, ದುಡ್ಡಿಲ್ಲ. ಅದು ಸಿಎಫ್‌ಎಸ್ ಲೆಕ್ಕದಲ್ಲಿ ಹೇಳುತ್ತೆ, ಅಂದ್ರೆ ಒಂದು ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹಾದು ಹೋಗ್ತಿದೆ ಅಂತ. ಒಂದು ಘನ ಅಡಿ ಸುಮಾರು 28 ಲೀಟರು, ಹಾಗಾಗಿ 1000 ಸಿಎಫ್‌ಎಸ್ ಅಂದ್ರೆ ಸೆಕೆಂಡಿಗೆ 28 ಸಾವಿರ ಲೀಟರು, ಬೆಂಗಳೂರಲ್ಲಿ ಮನೆಗೆ ಬರೋ ಆರು ಸಾವಿರ ಲೀಟರಿನ ನೀರಿನ ಟ್ಯಾಂಕರ್ ನೋಡಿದೀರಲ್ಲ, ಅಂಥ ನಾಲ್ಕೂಮುಕ್ಕಾಲು ಟ್ಯಾಂಕರ್ ನೀರು ಪ್ರತಿ ಸೆಕೆಂಡ್ ನಿಮ್ಮ ಕಾಲಿಗೆ ಬಂದು ಬಡೀತಿದೆ ಅಂತ. ಇದನ್ನ ಹೀಗೆ ಯೋಚ್ನೆ ಮಾಡಿದ್ರೆ ಯಾವಾಗ ಇಳೀಬೇಕು ಯಾವಾಗ ಇಳೀಬಾರ್ದು ಅನ್ನೋದು ತಾನೇ ಗೊತ್ತಾಗುತ್ತೆ. ಕುಕ್ಸ್ ಫಾಲ್ಸ್ ಗೇಜು 400ರಿಂದ 700 ತೋರಿಸ್ತಿದ್ರೆ ನಿಮ್ಮಂಥ ಎರಡು ವರ್ಷದ ಅನುಭವದವರಿಗೆ ಆರಾಮು. 1000 ದಾಟಿದ್ರೆ ಮೊಣಕಾಲಿಗಿಂತ ಆಳಕ್ಕೆ ಹೋಗ್ಬೇಡಿ. 1500 ಮೇಲೆ ಅಂದ್ರೆ ಬೂಟು ಒದ್ದೆಯಾಗದ ಹಾಗೆ ದಡದಲ್ಲೇ ನಿಂತು ಹಾಕಿ, ಇಲ್ಲಾ ಬೇರೆ ಹೊಳೆಗೆ ಹೋಗಿ. ಇದು ನನ್ನ ಅಂದಾಜು, ನಿಮ್ಮ ಎತ್ತರ ತೂಕಕ್ಕೆ ತಕ್ಕ ಹಾಗೆ ಕಮ್ಮಿ ಮಾಡ್ಕೊಳ್ಳಿ, ಜಾಸ್ತಿ ಮಾತ್ರ ಮಾಡ್ಕೋಬೇಡಿ.

ಅಂಕಿ ಎಷ್ಟು ಮುಖ್ಯವೋ ಗ್ರಾಫಿನ ಗೆರೆ ಯಾವ ಕಡೆ ಹೋಗ್ತಿದೆ ಅನ್ನೋದು ಅದಕ್ಕಿಂತ ಮುಖ್ಯ. 800 ಇದ್ದು ಏರ್ತಾ ಇದ್ರೆ ಕೆಟ್ಟದ್ದು, ನೀರಲ್ಲಿ ಕಸ ಕಡ್ಡಿ ಮಣ್ಣು ಬರ್ತಿರುತ್ತೆ, ಮೀನು ಅಡಗುತ್ತೆ. ಅದೇ 800 ಇದ್ದು ಮೂರು ದಿನದಿಂದ ನಿಧಾನಕ್ಕೆ ಇಳೀತಿದ್ರೆ ಅದಕ್ಕಿಂತ ಒಳ್ಳೇ ಸಮಯ ಇಲ್ಲ. ಬಣ್ಣ ನೋಡೋದಕ್ಕೆ ನಾನು ಮಾಡೋದು ಇಷ್ಟೇ, ಮೊಣಕಾಲುದ್ದ ನೀರಲ್ಲಿ ನಿಂತು ಕೆಳಗೆ ನೋಡ್ತೀನಿ, ಬೂಟಿನ ಲೇಸು ಕಂಡ್ರೆ ನೀರ ಮೇಲೆ ತೇಲೋ ಡ್ರೈ ಫ್ಲೈ ಕೂಡ ನಡೆಯುತ್ತೆ, ಬೂಟು ಮಸುಕಾಗಿ ಕಂಡ್ರೆ ನಿಂಫ್, ಬೂಟೇ ಕಾಣ್ಲಿಲ್ಲ ಅಂದ್ರೆ ವೂಲಿ ಬಗರ್ ಅನ್ನೋ ದೊಡ್ಡ ಕಪ್ಪು ಫ್ಲೈ ಹಾಕಿ ದಡದ ಪಕ್ಕದಲ್ಲೇ ಎಳೀಬೇಕು. ನೀರು ಜಾಸ್ತಿ ಇದ್ದಾಗ ಮೀನು ಹೊಳೆ ನಡುವೆ ಇರಲ್ಲ, ಅಲ್ಲಿ ನಿಲ್ಲೋಕೆ ಅದಕ್ಕೂ ಆಗಲ್ಲ, ಎಲ್ಲಾ ಅಂಚಿಗೆ ಬರುತ್ತೆ, ದಡದಿಂದ ಮೂರಡಿ ಒಳಗೇ ಇರುತ್ತೆ. ಜನ ಮಾಡೋ ತಪ್ಪು ಏನಂದ್ರೆ ಆ ಮೀನಿನ ಮೇಲೇ ಕಾಲಿಟ್ಟು ನಡು ಹೊಳೆಗೆ ಹೋಗಿ ಅಲ್ಲಿಂದ ಮೀನಿಲ್ಲದ ಕಡೆ ಗಾಳ ಹಾಕೋದು.

ಸುರಕ್ಷತೆ ವಿಷಯ ಒಂದು ಮಾತು, ಇದನ್ನ ಅನುಭವಿಸಿದವನಾಗಿ ಹೇಳ್ತಿದೀನಿ. ಹಲವು ವರ್ಷದ ಹಿಂದೆ ಏಪ್ರಿಲ್‌ನಲ್ಲೇ, ಇನ್ನೊಂದೆರಡು ಹೆಜ್ಜೆ ಹೋದ್ರೆ ಆ ಕಲ್ಲಿನ ಹಿಂದಕ್ಕೆ ಗಾಳ ತಲುಪುತ್ತೆ ಅಂತ ಮುಂದೆ ಹೋದೆ, ತಳದ ಕಲ್ಲು ಉರುಳ್ತು, ಬೆನ್ನ ಮೇಲೆ ಬಿದ್ದು ಐವತ್ತು ಗಜ ಕೊಚ್ಕೊಂಡು ಹೋದೆ. ಸೊಂಟಕ್ಕೆ ವೇಡಿಂಗ್ ಬೆಲ್ಟ್ ಬಿಗಿಯಾಗಿ ಕಟ್ಟಿದ್ದಕ್ಕೆ ವೇಡರ್ ಒಳಗೆ ನೀರು ತುಂಬ್ಲಿಲ್ಲ, ಅದರಿಂದ ಬದುಕಿದೆ. ಆ ಚಳಿಗೆ ಉಸಿರು ಎಳ್ಕೊಳ್ಳೋಕೇ ಆಗಲ್ಲ, ಎದೆ ಹಿಡ್ಕೊಂಡ ಹಾಗಾಗುತ್ತೆ, ಕೈ ಬೆರಳು ಮಡಚೋಕೆ ಆಗಲ್ಲ, ಕಾರಿನ ಕೀ ತಿರುಗಿಸೋಕೆ ಎರಡೂ ಕೈ ಬೇಕಾಯ್ತು. ತುಂಗೆಯಲ್ಲಿ ಎಷ್ಟೇ ಚೆನ್ನಾಗಿ ಈಜಿದ್ರೂ ಈ ನೀರಲ್ಲಿ ಆ ಈಜು ಬರಲ್ಲ. ಬೆಲ್ಟು, ಊರುಗೋಲು, ಅಡಿಯಲ್ಲಿ ಮೊಳೆ ಇರೋ ಬೂಟು, ಕಾರಲ್ಲಿ ಒಂದು ಜೊತೆ ಒಣ ಬಟ್ಟೆ, ಇಷ್ಟು ಇಲ್ಲದೆ ಇಳೀಬೇಡಿ.

ಬೀವರ್‌ಕಿಲ್ ತುಂಬಿ ಹರೀತಿದ್ರೆ ವಾಪಸ್ ಬರ್ಬೇಕಿಲ್ಲ. ರಾಸ್ಕೊ ಊರಲ್ಲಿ ಜಂಕ್ಷನ್ ಪೂಲ್ ಅಂತ ಇದೆಯಲ್ಲ, ವಿಲೋವೀಮಾಕ್ ಹೊಳೆ ಬಂದು ಬೀವರ್‌ಕಿಲ್‌ಗೆ ಸೇರೋ ಜಾಗ, ಅಲ್ಲಿಂದ ವಿಲೋವೀಮಾಕ್ ಹಿಡ್ಕೊಂಡು ಲಿವಿಂಗ್‌ಸ್ಟನ್ ಮ್ಯಾನರ್ ಕಡೆ ಮೇಲಕ್ಕೆ ಹೋಗಿ. ಹೊಳೆ ಚಿಕ್ಕದಾದಷ್ಟೂ ಬೇಗ ಇಳಿಯುತ್ತೆ, ಬೇಗ ತಿಳಿಯಾಗುತ್ತೆ. ಲಿವಿಂಗ್‌ಸ್ಟನ್ ಮ್ಯಾನರ್‌ನಲ್ಲೇ ಫ್ಲೈ ಫಿಶಿಂಗ್ ಮ್ಯೂಸಿಯಮ್ಮೂ ಇದೆ, ಮಳೆ ಸುರಿದು ಎಲ್ಲಾ ಕೆಟ್ಟ ದಿನ ಅಲ್ಲಿ ಎರಡು ಗಂಟೆ ಕಳೀಬಹುದು. ಇನ್ನೊಂದು ದಾರಿ ಪಶ್ಚಿಮಕ್ಕೆ ಹೋಗಿ ಡೆಲವೇರ್ ನದಿಯ ವೆಸ್ಟ್ ಬ್ರಾಂಚ್ ಹಿಡಿಯೋದು. ಅದು ಕ್ಯಾನನ್ಸ್‌ವಿಲ್ ಅಣೆಕಟ್ಟಿನ ಕೆಳಗಿನ ನೀರು, ನ್ಯೂಯಾರ್ಕ್ ಸಿಟಿಗೆ ಕುಡಿಯೋ ನೀರಿಗೆ ಅಂತ ಕಟ್ಟಿದ ಜಲಾಶಯಗಳಲ್ಲಿ ಒಂದು. ಅಣೆಕಟ್ಟಿನ ತಳದಿಂದ ಬಿಡೋ ನೀರು ಬೇಸಿಗೆಯಲ್ಲೂ ಐಸಿನ ಹಾಗಿರೋದ್ರಿಂದ ಜುಲೈನಲ್ಲಿ ಬೇರೆ ಹೊಳೆಗಳು ಸೊರಗಿದಾಗ ಅದು ಸ್ವರ್ಗ, ಆದ್ರೆ ವಸಂತದಲ್ಲಿ ಅದೇ ತಣ್ಣೀರು ಹುಳಗಳನ್ನ ತಡ ಮಾಡುತ್ತೆ. ಜಲಾಶಯ ತುಂಬಿ ಕೋಡಿ ಬಿದ್ದು ಮೇಲಿನ ಬೆಚ್ಚಗಿನ ನೀರು ಬರ್ತಿದ್ರೆ ಮಾತ್ರ ಅಲ್ಲೂ ಬೇಗ ಶುರುವಾಗುತ್ತೆ, ಹಾಗಾಗಿ ಹೋಗೋ ಮುಂಚೆ ಕೋಡಿ ಬಿದ್ದಿದ್ಯಾ ಅಂತ ವಿಚಾರಿಸಿ. ಇದೇ ಡೆಲವೇರ್ ನೀರು ಮುಂದೆ ಕಾಲುವೆ ಹಿಡಿದು ನಿಮ್ಮ ಮಧ್ಯ ನ್ಯೂಜೆರ್ಸಿಗೂ ಬರುತ್ತೆ, ಈ ಹೊಳೆ ನಿಮಗೆ ಅಷ್ಟೇನೂ ಪರಕೀಯ ಅಲ್ಲ.

ಇನ್ನು ಹುಳ ಮತ್ತು ಫ್ಲೈ. ಹ್ಯಾಚ್ ಹ್ಯಾಚ್ ಅಂತಾರಲ್ಲ, ಅದು ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳ್ಬೇಕಿಲ್ಲ. ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ಮಳೆಹುಳ ಏಳುತ್ತಲ್ಲ, ಲೈಟಿನ ಸುತ್ತ ಮುತ್ತಿಕೊಂಡು, ಬೆಳಗ್ಗೆ ಅಂಗಳದ ತುಂಬಾ ರೆಕ್ಕೆ ಬಿದ್ದಿರುತ್ತೆ, ಹಲ್ಲಿ, ಕಪ್ಪೆ, ಕೋಳಿ ಎಲ್ಲಕ್ಕೂ ಹಬ್ಬ. ಇದೂ ಅದೇ, ಹುತ್ತದ ಬದಲು ಹೊಳೆಯ ತಳದ ಕಲ್ಲು. ಮೇಫ್ಲೈ ಅನ್ನೋ ಹುಳ ಹೆಚ್ಚುಕಮ್ಮಿ ಒಂದು ವರ್ಷ ನೀರೊಳಗೆ ಕಲ್ಲಿಗೆ ಅಂಟ್ಕೊಂಡು ಬೆಳೀತಾ ಇದ್ದು, ನೀರು ಹದಕ್ಕೆ ಬಂದ ದಿನ ಸಾವಿರಗಟ್ಟಲೆ ಒಟ್ಟಿಗೆ ಮೇಲಕ್ಕೆ ಬರುತ್ತೆ, ರೆಕ್ಕೆ ಬಂದು ಹಾರಿ, ಒಂದೆರಡು ದಿನದಲ್ಲಿ ಕೂಡಿ, ಮೊಟ್ಟೆ ಇಟ್ಟು ಸಾಯುತ್ತೆ. ಚಳಿಗಾಲ ಪೂರ್ತಿ ಅರೆಹೊಟ್ಟೆಯಲ್ಲಿದ್ದ ಟ್ರೌಟ್‌ಗೆ ಅದು ಮೊದಲ ಹಬ್ಬದೂಟ.

ಕ್ರಮ ಹೇಳ್ಬೇಕಂದ್ರೆ ಮೊದಲು ಮಾರ್ಚ್ ಕೊನೆಯಿಂದ ಸ್ಟೋನ್‌ಫ್ಲೈ ಅನ್ನೋ ಸಣ್ಣ ಕಪ್ಪು ಹುಳ, ಹಿಮದ ಮೇಲೇ ಹರಿದಾಡ್ತಿರುತ್ತೆ, ಅದಕ್ಕೆ ಮೀನು ಏಳೋದು ಅಪರೂಪ. ಏಪ್ರಿಲ್ ಮಧ್ಯದಿಂದ ಬ್ಲೂ ಕ್ವಿಲ್ ಮತ್ತು ಕ್ವಿಲ್ ಗಾರ್ಡನ್ ಅನ್ನೋ ಮೇಫ್ಲೈಗಳು. ಇದರಲ್ಲಿ ಗಾರ್ಡನ್ ಅನ್ನೋದು ಥಿಯೋಡರ್ ಗಾರ್ಡನ್ ಅನ್ನೋರ ಹೆಸರು, 1890ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಹಾಲ್ಫರ್ಡ್ ಅವರಿಂದ ಡ್ರೈ ಫ್ಲೈಗಳನ್ನ ತರಿಸ್ಕೊಂಡು, ಆ ಫ್ಲೈಗಳು ನಿಧಾನಕ್ಕೆ ಹರಿಯೋ ಇಂಗ್ಲಿಷ್ ಹೊಳೆಗೆ ಸರಿ, ನಮ್ಮ ಬೆಟ್ಟದ ರಭಸಕ್ಕೆ ಮುಳುಗ್ತವೆ ಅಂತ ಕಂಡು, ಇಲ್ಲಿನ ಹುಳ ಇಲ್ಲಿನ ನೀರು ನೋಡಿ ಬೇರೆ ರೀತಿ ಕಟ್ಟಿದವರು. 1915ರಲ್ಲಿ ತೀರಿಕೊಂಡ್ರು. ಅಮೆರಿಕದ ಡ್ರೈ ಫ್ಲೈ ಹುಟ್ಟಿದ್ದು ಈ ಹೊಳೆಗಳಲ್ಲೇ ಅನ್ನೋದು ಅವರ ದೆಸೆಯಿಂದ.

ಆದ್ರೆ ಎಲ್ರೂ ಕಾಯೋದು ಹೆಂಡ್ರಿಕ್ಸನ್ ಅನ್ನೋ ಮೇಫ್ಲೈಗೆ. ರಾಯ್ ಸ್ಟೀನ್‌ರಾಡ್ ಅನ್ನೋರು ಈ ಹುಳ ನೋಡಿ ಫ್ಲೈ ಕಟ್ಟಿ, ಜೊತೆಗೆ ಮೀನು ಹಿಡೀತಿದ್ದ ಗೆಳೆಯನ ಹೆಸರು ಇಟ್ರು. ಸಾಮಾನ್ಯ ವರ್ಷದಲ್ಲಿ ಏಪ್ರಿಲ್ ಕೊನೇ ವಾರದಿಂದ ಮೇ ಮೊದಲ ವಾರದ ತನಕ, ನೀರು 50 ದಾಟಿದ ದಿನಗಳಲ್ಲಿ, ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ. ಮೊದಲು ಒಂದೋ ಎರಡೋ ಕಾಣುತ್ತೆ, ಸಣ್ಣ ಹಾಯಿದೋಣಿ ಹಾಗೆ ರೆಕ್ಕೆ ನೆಟ್ಟಗೆ ಎತ್ಕೊಂಡು ನೀರ ಮೇಲೆ ತೇಲ್ತಾ ಬರುತ್ತೆ. ಒಂದನ್ನ ಬೆರಳ ಮೇಲೆ ಹತ್ತಿಸ್ಕೊಂಡು ನೋಡಿ, ಬೂದಿ ಬಣ್ಣದ ರೆಕ್ಕೆ, ಒಳಗಿನ ನರ ಎಲ್ಲಾ ಕಾಣುತ್ತೆ, ಹೆಣ್ಣಿನ ಮೈ ಸ್ವಲ್ಪ ಗುಲಾಬಿ ಕಲೆತ ಕಂದು, ಗಂಡಿನದು ಇಟ್ಟಿಗೆ ಕೆಂಪು, ಹಿಂದೆ ಕೂದಲಿನಷ್ಟು ತೆಳ್ಳಗೆ ಮೂರು ಬಾಲ. ಚಳಿ ಇದ್ರೆ ರೆಕ್ಕೆ ಒಣಗೋಕೆ ಹೊತ್ತಾಗುತ್ತೆ, ಪಾಪ ಹಾರೋಕಾಗದೆ ತುಂಬಾ ದೂರ ತೇಲುತ್ತೆ, ಅದಕ್ಕೇ ಮೋಡ ಕವಿದು ಜಿನುಗು ಮಳೆ ಇರೋ ದಿನ ಬಿಸಿಲಿನ ದಿನಕ್ಕಿಂತ ಹತ್ತು ಪಾಲು ಒಳ್ಳೇದು. ಆಗ ಹೊಳೆ ಮೇಲೆ ಒಂದು ಕಡೆ ಉಂಗುರ ಏಳುತ್ತೆ, ಆಮೇಲೆ ಇನ್ನೊಂದು, ಹತ್ತು ನಿಮಿಷದಲ್ಲಿ ಇಡೀ ಮಡು ಮಳೆ ಹನಿ ಬಿದ್ದ ಹಾಗೆ. ಅದನ್ನ ಒಂದು ಸಲ ನೋಡಿದ್ರೆ ಮತ್ತೆ ಯಾವ ವರ್ಷವೂ ಆ ವಾರ ಮನೇಲಿ ಕೂರೋಕೆ ಆಗಲ್ಲ.

ಫ್ಲೈ ಎಷ್ಟು ಬೇಕು ಅಂದ್ರೆ ನಿಮ್ಮ ಎರಡು ಡಜನ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ಮನೇಲಿಟ್ಟು ಹೋಗಬಹುದು. ಹೆಂಡ್ರಿಕ್ಸನ್ 14ನೇ ನಂಬರು ನಾಲ್ಕು, ಬ್ಲೂ ಕ್ವಿಲ್ 18 ಎರಡು, ಆ್ಯಡಮ್ಸ್ 14 ಮತ್ತು 16, ಸಂಜೆಗೆ ರಸ್ಟಿ ಸ್ಪಿನ್ನರ್ 14 (ಮೊಟ್ಟೆ ಇಟ್ಟ ಮೇಲೆ ಸತ್ತು ರೆಕ್ಕೆ ಚಾಚ್ಕೊಂಡು ಬೀಳೋ ಹುಳ ಅದು, ಹೆಚ್ಚಿನವರು ಅಷ್ಟೊತ್ತಿಗೆ ಮನೆಗೆ ಹೊರಟಿರ್ತಾರೆ, ನೀವು ಹೋಗ್ಬೇಡಿ), ನಿಂಫ್‌ಗೆ ಫೆಸೆಂಟ್ ಟೇಲ್ ಮತ್ತು ಹೇರ್ಸ್ ಇಯರ್, ಎರಡು ವೂಲಿ ಬಗರ್. ಒಂಬತ್ತು ಅಡಿಯ 5 ವೇಟ್ ರಾಡು, ತೇಲೋ ಲೈನು, ಡ್ರೈ ಫ್ಲೈಗೆ 5ಎಕ್ಸ್, ನಿಂಫ್‌ಗೆ 4ಎಕ್ಸ್ ಲೀಡರು (ಲೈನಿನ ತುದಿಗೆ ಕಟ್ಟೋ ತೆಳ್ಳನೆ ದಾರ). ಮುಗೀತು.

ಹುಳ ಏಳದ ಹೊತ್ತಲ್ಲಿ ನಿಂಫ್ ಹಾಕೋವಾಗ ಹೊಸಬರ ಗಾಳ ತಳ ಮುಟ್ಟೋದೇ ಇಲ್ಲ, ನಿಮ್ಮದೂ ಹೋದ ವರ್ಷ ಮುಟ್ಟಿರಲ್ಲ ಅಂತ ನನ್ನ ಊಹೆ. ತಣ್ಣನೆ ನೀರಲ್ಲಿ ಮೀನು ಅರ್ಧ ಅಡಿ ಮೇಲಕ್ಕೆ ಬರೋದಕ್ಕೂ ಒಪ್ಪಲ್ಲ, ಅದರ ಮೂತಿ ಮುಂದೇ ಹೋಗ್ಬೇಕು. ಫ್ಲೈಯಿಂದ ಒಂದು ಗೇಣು ಮೇಲೆ ಸಣ್ಣ ಗುಂಡು ಹಾಕಿ, ನ್ಯೂಯಾರ್ಕಲ್ಲಿ ಸಣ್ಣ ಸೀಸದ ಗುಂಡು ಮಾರೋ ಹಾಗಿಲ್ಲ, ತವರದ್ದು ಸಿಗುತ್ತೆ. ಐದಾರು ಸಲ ಹಾಕಿದ್ರಲ್ಲಿ ಒಂದೆರಡು ಸಲ ಕಲ್ಲಿಗೆ ಟಿಕ್ ಅಂತ ತಾಗೋ ತನಕ ಗುಂಡು ಸೇರಿಸ್ತಾ ಹೋಗಿ. ಒಂದೆರಡು ಫ್ಲೈ ಕಲ್ಲಿಗೆ ಸಿಕ್ಕಿ ಹೋಗುತ್ತೆ, ಹೋಗ್ಲಿ, ಒಂದೂ ಹೋಗ್ಲಿಲ್ಲ ಅಂದ್ರೆ ನೀವು ತಳ ಮುಟ್ಟಿಲ್ಲ ಅಂತ.

ಡ್ರೈ ಫ್ಲೈ ಹಾಕೋವಾಗ ತಾಪತ್ರಯ ಬೇರೆ. ಅದನ್ನ ಡ್ರ್ಯಾಗ್ ಅಂತಾರೆ, ಅಂದ್ರೆ ನಡುವಿನ ರಭಸದ ನೀರು ನಿಮ್ಮ ಲೈನನ್ನ ಎಳೀತು, ಲೈನು ಫ್ಲೈಯನ್ನ ಎಳೀತು, ಫ್ಲೈ ನೀರ ಮೇಲೆ ಗೆರೆ ಎಳ್ಕೊಂಡು ಹೋಯ್ತು. ನಿಜವಾದ ಹುಳ ಹಾಗೆ ಹೋಗಲ್ಲ ಅಂತ ಮೀನಿಗೆ ಗೊತ್ತು. ಶೃಂಗೇರಿಯ ಮೀನು ಪುರಿ ಹಾಕಿದ್ರೆ ಬಾಯಿ ಬಿಟ್ಕೊಂಡು ಮೆಟ್ಟಿಲ ತನಕ ಬರುತ್ತೆ, ಬೀವರ್‌ಕಿಲ್‌ನ ಮೀನು ಹಾಗಲ್ಲ, ನೂರು ಜನ ಹಿಡಿದು ಬಿಟ್ಟ ಮೀನು ಅದು. ಲೈನು ನೀರಿಗೆ ಬಿದ್ದ ತಕ್ಷಣ ರಾಡ್ ತುದಿಯಿಂದ ಲೈನನ್ನ ಎತ್ತಿ ಮೇಲ್ಹರಿವಿನ ಕಡೆ ಬಾಗಿಸಿ ಹಾಕಿ, ಮೆಂಡ್ ಮಾಡೋದು ಅಂತಾರೆ, ಆಗ ಫ್ಲೈ ಎರಡು ಮೂರು ಸೆಕೆಂಡು ತಾನೇ ತಾನಾಗಿ ತೇಲುತ್ತೆ. ನಲವತ್ತಡಿ ಎಸೆಯೋದು ಬೇಡ, ಹತ್ರ ಹೋಗಿ ಇಪ್ಪತ್ತಡಿ ಎಸೀರಿ, ಆ ಮೂರು ಸೆಕೆಂಡು ಸಿಕ್ರೆ ಸಾಕು. ಮನೆ ಹತ್ರದ ಯಾವುದಾದ್ರೂ ತೊರೆಯಲ್ಲಿ ಮುಳ್ಳು ಮುರಿದ ಫ್ಲೈ ಕಟ್ಟಿ ಇದೊಂದನ್ನೇ ಅಭ್ಯಾಸ ಮಾಡಿ.

ನಿಯಮದ ವಿಷಯ ಬೇಗ ಹೇಳ್ತೀನಿ. ನಿಮ್ಮ ನ್ಯೂಜೆರ್ಸಿ ಲೈಸೆನ್ಸು ಅಲ್ಲಿ ನಡೆಯಲ್ಲ, ನ್ಯೂಯಾರ್ಕ್‌ದು ಬೇರೆ ತಗೋಬೇಕು. ರಾಸ್ಕೊದಿಂದ ಕೆಳಗೆ ಬೀವರ್‌ಕಿಲ್‌ನಲ್ಲಿ ನೋ-ಕಿಲ್ ಅಂತ ಬೋರ್ಡು ಹಾಕಿರೋ ಭಾಗ ಇದೆ, ಅಲ್ಲಿ ಎರೆಹುಳ ಹಾಕೋ ಹಾಗಿಲ್ಲ, ಹಿಡಿದ ಮೀನೆಲ್ಲ ಬಿಡಬೇಕು. ಮೇಲಿನ ಬೀವರ್‌ಕಿಲ್ ಬಹುಪಾಲು ಖಾಸಗಿ ಕ್ಲಬ್‌ಗಳದ್ದು, ಹೊಳೆ ಅಲ್ವಾ ಎಲ್ಲರದ್ದು ಅಂತ ಇಳೀಬೇಡಿ, ಸಾರ್ವಜನಿಕರಿಗೆ ಹಕ್ಕಿರೋ ಕಡೆ ಹಳದಿ ಫಲಕ ಇರುತ್ತೆ, ಅದನ್ನ ನೋಡಿ ಇಳೀರಿ. ಗಾಳದ ಬಾರ್ಬ್, ಅಂದ್ರೆ ತುದಿಯ ಹಿಮ್ಮುಖ ಮುಳ್ಳು, ಇಕ್ಕಳದಲ್ಲಿ ಅಮುಕಿ ಬಿಡಿ. ಮೀನು ಮುಟ್ಟೋ ಮುಂಚೆ ಕೈ ಒದ್ದೆ ಮಾಡ್ಕೊಳ್ಳಿ, ಒಣ ಕೈಗೆ ಅದರ ಮೈ ಮೇಲಿನ ಲೋಳೆ ಕಿತ್ತು ಬರುತ್ತೆ, ಆಮೇಲೆ ಬೂಷ್ಟು ಹಿಡಿದು ಸಾಯುತ್ತೆ. ಫೋಟೋ ಬೇಕಾದ್ರೆ ಮೀನನ್ನ ನೀರಲ್ಲೇ ಬಲೆಯೊಳಗೆ ಇಟ್ಕೊಂಡು, ಕ್ಯಾಮೆರಾ ರೆಡಿ ಆದ್ಮೇಲೆ ಎತ್ತಿ, ಹನಿ ನೀರು ತೊಟ್ಟಿಕ್ತಾ ಇರೋವಾಗಲೇ ವಾಪಸ್ ಬಿಡಿ. ಮನೆಗೆ ಬಂದು ವೇಡರ್ ಬೂಟು ತೊಳೆದು ಪೂರ್ತಿ ಒಣಗಿಸಿ, ಒಂದು ಹೊಳೆಯ ಪಾಚಿ ಇನ್ನೊಂದಕ್ಕೆ ಹೋಗಬಾರ್ದು. ಮತ್ತೆ ಉಣ್ಣೆ ಹುಳ, ದಯವಿಟ್ಟು ಮರೀಬೇಡಿ. ದಡದ ಹುಲ್ಲಲ್ಲಿ ಜಿಂಕೆ ಉಣ್ಣೆ ಇರುತ್ತೆ, ಲೈಮ್ ಕಾಯಿಲೆ ಬರೋದು ಅದರಿಂದ, ಎಳ್ಳುಕಾಳಿಗಿಂತ ಸಣ್ಣದೂ ಇರುತ್ತೆ, ಮನೆಗೆ ಬಂದ ತಕ್ಷಣ ಮೊಣಕಾಲ ಹಿಂದೆ, ಕಂಕುಳು, ತಲೆಗೂದಲು ಎಲ್ಲಾ ನೋಡ್ಕೊಳ್ಳಿ, ಮಗಳದ್ದಂತೂ ನೀವೇ ಕೂತು ನೋಡಿ.

ಮಗಳನ್ನ ಖಂಡಿತ ಕರ್ಕೊಂಡು ಹೋಗಿ. ಹದಿನಾರು ವರ್ಷದೊಳಗಿನವರಿಗೆ ಅಲ್ಲಿ ಲೈಸೆನ್ಸೇ ಬೇಡ. ಆದ್ರೆ ಮೊದಲ ಸಲಕ್ಕೆ ಏಪ್ರಿಲ್ ಬೇಡ, ಚಳಿಗೆ ಬೇಜಾರಾಗಿ ಮತ್ತೆ ಬರೋಲ್ಲ ಅಂದುಬಿಡ್ತಾಳೆ. ನೀವು ಒಬ್ರೇ ಏಪ್ರಿಲ್ 25ರಿಂದ ಮೇ 5ರೊಳಗೆ ಗೇಜು ಇಳೀತಿರೋ, ಮಧ್ಯಾಹ್ನ ನೀರು 50 ದಾಟ್ತಿರೋ ಒಂದು ದಿನ ಹೋಗಿ ಬನ್ನಿ. ಬೆಳಗ್ಗೆ ನಿಧಾನಕ್ಕೆ ತಿಂಡಿ ತಿಂದು ಒಂಬತ್ತಕ್ಕೆ ಹೊರಟ್ರೆ ಸಾಕು, ರೂಟ್ 17 ಹಿಡಿದು ಹನ್ನೆರಡರೊಳಗೆ ರಾಸ್ಕೊ. ಅವಳನ್ನ ಮೇ ಮಧ್ಯದ ಮೇಲೆ ಕರ್ಕೊಂಡು ಹೋಗಿ, ಆಗ ಮಾರ್ಚ್ ಬ್ರೌನ್ ಅನ್ನೋ ದೊಡ್ಡ ಮೇಫ್ಲೈ ಏಳುತ್ತೆ (ಹೆಸರು ಮಾತ್ರ ಮಾರ್ಚ್, ಇಲ್ಲಿ ಬರೋದು ಮೇನಲ್ಲಿ), ದೊಡ್ಡ ಫ್ಲೈ ಆದ್ರಿಂದ ಮಕ್ಕಳ ಕಣ್ಣಿಗೂ ಚೆನ್ನಾಗಿ ಕಾಣುತ್ತೆ.

ನೀವು ಒಬ್ರೇ ಹೋಗೋ ಆ ಮೊದಲ ಸಲ ಮನೆಯಿಂದ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬ ತಗೊಂಡು ಹೋಗಿ. ಪಾದ ಮುಳುಗೋಷ್ಟು ನೀರಲ್ಲಿ, ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಮೆಲ್ಲಗೆ ಎತ್ತಿ ತಿರುಗಿಸಿ, ಅಡಿಯಲ್ಲಿ ಹರಿದಾಡ್ತಿರೋ ಹುಳಗಳನ್ನ ನೀರು ತುಂಬಿದ ಡಬ್ಬಕ್ಕೆ ಬಿಡಿ, ಕಲ್ಲು ಇದ್ದ ಹಾಗೇ ವಾಪಸ್ ಇಡಿ. ಹೆಬ್ಬೆರಳ ಉಗುರಿನ ಅರ್ಧದಷ್ಟು ಉದ್ದದ, ಕಂದು ಬಣ್ಣದ, ಮೂರು ಬಾಲದ ಹುಳ ಸಿಗುತ್ತೆ. ಅದರ ಬೆನ್ನ ಮೇಲೆ, ತಲೆಯ ಹಿಂದೆ, ರೆಕ್ಕೆ ಮಡಚಿಟ್ಟ ಸಣ್ಣ ಚೀಲ ಇರುತ್ತೆ. ಆ ಚೀಲ ಮೈಯ ಬಣ್ಣದಲ್ಲೇ ತಿಳಿಯಾಗಿದ್ರೆ ಇನ್ನೂ ಒಂದೆರಡು ವಾರ ಇದೆ, ಮುಂದಿನ ಶನಿವಾರ ಬನ್ನಿ. ಮಸಿ ಬಳಿದ ಹಾಗೆ ಕಪ್ಪಗಾಗಿದ್ರೆ ಇವತ್ತೋ ನಾಳೆಯೋ ಮೇಲಕ್ಕೇಳುತ್ತೆ, ಹುಳಗಳನ್ನ ನೀರಿಗೆ ಬಿಟ್ಟು, ಬುತ್ತಿ ಬಿಚ್ಚಿ ದಡದಲ್ಲೇ ಊಟ ಮಾಡಿ, 14ರ ಹೆಂಡ್ರಿಕ್ಸನ್ ಕಟ್ಟಿಟ್ಕೊಂಡು ಎರಡು ಗಂಟೆ ತನಕ ಅಲ್ಲೇ ಕೂತಿರಿ.